ಕೌದಿಗೆ ಉಣಿಸಿದ ಜೋಳ

ಜಂಬದ ಹೆಂಗಸು ಎಂದು ಊರೆಲ್ಲ ನನ್ನನ್ನು ಆಡಿಕೊಳ್ಳುತ್ತದೆ. ಆಡಿಕೊಳ್ಳಲಿ. ಮುದಗುಂಟಿಯ ಪಾಲಿಟೆಕ್ನಿಕ್ಕಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತ, ಗುಜರಿಗೆ ಬಿದ್ದ ಮೈಕ್ರೋವೇವ್ ಒಲೆಗಳನ್ನು ಬಿಚ್ಚಿ, ಒಬ್ಬ ಮನುಷ್ಯ ಒಳಗೆ ನಿಲ್ಲುವಷ್ಟು ದೊಡ್ಡ ಪೆಟ್ಟಿಗೆ ಕಟ್ಟಿ, ಅದರೊಳಗೆ ಹತ್ತಿಯ ದಾರದ ಮೇಲೆ ಅರೆವಾಹಕದ ಹರಳು ಬೆಳೆಸಿದವಳು ಈ ನೀಲಗಂಗಾ ಬಡಿಗೇರ. ನಮ್ಮ ಎಡೆದೊರೆ ನಾಡಿನಲ್ಲಿ ಬೇರೆ ಯಾರಾದರೂ ಮಾಡಿದ್ದರೆ ಮುಂದೆ ಬಂದು ಹೇಳಲಿ, ಅವತ್ತೇ ಬಾಯಿ ಮುಚ್ಚಿಕೊಳ್ಳುತ್ತೇನೆ.

ನಮ್ಮ ಬೇಸಿಗೆ ಹೇಗಿದೆ ಎಂದು ಮೊದಲು ಹೇಳಬೇಕು. ನನ್ನ ಅಜ್ಜಿಯ ಕಾಲಕ್ಕೆ ನಲವತ್ತೈದು ಡಿಗ್ರಿ ಎಂದರೆ ಪೇಪರಿನಲ್ಲಿ ಬರುವ ಸುದ್ದಿ. ನಮಗೆ ಅದು ತಂಪು ಹೊತ್ತು. ಸೂರ್ಯ ಒಂದು ಮಾರು ಮೇಲೇರುತ್ತಲೇ ತಹಸೀಲ್ದಾರರ ಕಚೇರಿಯ ಮೇಲೆ ಬಿಸಿಲು ಕೊಂಬು, ಅಂದರೆ ಎಚ್ಚರಿಕೆಯ ಸೈರನ್ನು, ಕೂಗುತ್ತದೆ. ಆಮೇಲೆ ಹೊತ್ತು ಇಳಿಯುವ ತನಕ ಬಸ್ಸಿಲ್ಲ, ಬಜಾರಿಲ್ಲ, ರಸ್ತೆಯಲ್ಲಿ ಕಂಡವರನ್ನು ಪೊಲೀಸರು ಮನೆಗೆ ಅಟ್ಟುತ್ತಾರೆ. ಜನ ಹೊಂದಿಕೊಂಡಿದ್ದಾರೆ ಬಿಡಿ. ಮದುವೆಗಳೆಲ್ಲ ನಸುಕಿನಲ್ಲೇ ಮುಗಿಯುತ್ತವೆ. ಮುತ್ತಜ್ಜಂದಿರು ಜೋಳ ತುಂಬಿಡಲು ನೆಲದೊಳಗೆ ತೋಡಿದ್ದ ಹಗೇವುಗಳನ್ನು ಅಗಲ ಮಾಡಿ, ಮೆಟ್ಟಿಲು ಕಟ್ಟಿ, ಅದರೊಳಗೆ ಹಗಲು ಕಳೆಯುತ್ತೇವೆ. ಇಸ್ಪೀಟು, ಹರಟೆ, ನಿದ್ದೆ ಎಲ್ಲ ಅಲ್ಲೇ.

ಹೊಂದಿಕೊಳ್ಳದವು ಆಗ ತಾನೇ ಹುಟ್ಟಿದ ಕೂಸುಗಳು. ಅವಕ್ಕೆ ಬೆವರಲು ಬಾರದು, ಹಗೇವಿನ ಕಟ್ಟಿದ ಗಾಳಿ ಸಾಲದು. ಅದರಲ್ಲೂ ದಿನ ತುಂಬುವ ಮೊದಲೇ ಹುಟ್ಟಿದ ಕೂಸಿನ ಮೈ ಹೊರಗಿನ ಗಾಳಿ ಹೇಗೋ ಹಾಗೆ ಏರುತ್ತದೆ, ಇಳಿಯುತ್ತದೆ. ಆಸ್ಪತ್ರೆಯಲ್ಲಿ ಏಸಿ ಇದೆ, ಒಂದು ಇನ್‌ಕ್ಯುಬೇಟರೂ ಇದೆ. ಕರೆಂಟು ಇದ್ದಾಗ ಇದೆ. ಎಷ್ಟು ಮನೆಗಳಲ್ಲಿ ತೊಟ್ಟಿಲು ಕಟ್ಟಿದ ಹಗ್ಗ ಬಿಚ್ಚಿದ್ದನ್ನು ನೋಡಿದ್ದೇನೆ ನಾನು! ಕರೆಂಟು ಹೋದರೂ ಕೂಸನ್ನು ತಣ್ಣಗಿಡುವ ಒಂದು ಹೊದಿಕೆ ಯಾಕಿರಬಾರದು ಎಂಬ ಹಟ ಹತ್ತಿದ್ದು ಆಗ.

ಇದರ ವಿಜ್ಞಾನ ಹೆದರುವಷ್ಟು ದೊಡ್ಡದಲ್ಲ. ಬಿಸ್ಮತ್ ಮತ್ತು ಟೆಲ್ಲುರಿಯಂ ಕೂಡಿದ ಹರಳು ಒಂದು ಅರೆವಾಹಕ. ಅದರಲ್ಲಿ ಎಲೆಕ್ಟ್ರಾನು ಹೆಚ್ಚಿರುವ ಒಂದು ಬಗೆ, ಕೊರತೆಯಿರುವ ಇನ್ನೊಂದು ಬಗೆ ಮಾಡಿ, ಎರಡನ್ನೂ ಜೋಡಿಸಿ ಕರೆಂಟು ಹರಿಸಿದರೆ ಒಂದು ಮಗ್ಗುಲು ತಣ್ಣಗಾಗುತ್ತದೆ, ಇನ್ನೊಂದು ಬಿಸಿಯಾಗುತ್ತದೆ. ಅಂದರೆ ಹರಳು ಈ ಕಡೆಯ ಶಾಖವನ್ನು ಹೊತ್ತು ಆ ಕಡೆ ಇಳಿಸುತ್ತದೆ. ಹರಳು ದಪ್ಪವಿದ್ದರೆ ಇಳಿಸಿದ ಶಾಖ ಮತ್ತೆ ವಾಪಸು ಬರುತ್ತದೆ. ನ್ಯಾನೋ ಗಾತ್ರದ, ಅಂದರೆ ಕೂದಲೆಳೆಯ ದಪ್ಪದಲ್ಲಿ ಸಾವಿರ ಕೂರುವಷ್ಟು ಸಣ್ಣ ಹರಳುಗಳಾದರೆ ಶಾಖಕ್ಕೆ ದಾರಿ ತಪ್ಪುತ್ತದೆ, ಕರೆಂಟಿಗೆ ತಪ್ಪುವುದಿಲ್ಲ. ಇಷ್ಟೇ ಗುಟ್ಟು.

ಆದರೆ ಆ ಹರಳುಗಳನ್ನು ಬಟ್ಟೆಯ ಮೇಲೆ ಬೆಳೆಸುವುದು ಹೇಗೆ? ಕುಲುಮೆಯಲ್ಲಿ ಇಟ್ಟರೆ ಬಿಸಿ ಹೊರಗಿನಿಂದ ಒಳಗೆ ಇಳಿಯಬೇಕು. ಹರಳು ಹುಟ್ಟುವ ಹೊತ್ತಿಗೆ ಬಟ್ಟೆ ಕರಕಲು. ಮೈಕ್ರೋವೇವ್ ಹಾಗಲ್ಲ. ಅದಕ್ಕೆ ಒಣ ಹತ್ತಿಯ ಗೊಡವೆಯೇ ಬೇಡ, ಬಟ್ಟೆ ಕುಡಿದಿರುವ ದ್ರಾವಣದ ಕಣಗಳನ್ನೇ ಹಿಡಿದು ಅಲ್ಲಾಡಿಸುತ್ತದೆ. ಎಲ್ಲ ಕಡೆಯೂ ಒಮ್ಮೆಗೇ ಬಿಸಿ. ಹರಳುಗಳು ಕ್ಷಣದಲ್ಲಿ ಒಟ್ಟಿಗೆ ಹುಟ್ಟುತ್ತವೆ, ಒಂದೇ ಅಳತೆಗೆ ಬೆಳೆಯುತ್ತವೆ. ಬಟ್ಟೆಗೆ ಬಿಸಿ ಪೂರಾ ಮುಟ್ಟುವಷ್ಟರಲ್ಲಿ ನಾನು ಸ್ವಿಚ್ಚು ಆರಿಸಿರುತ್ತೇನೆ.

ಬಟ್ಟೆ ಯಾವುದು ಎಂಬ ಪ್ರಶ್ನೆಗೆ ಉತ್ತರ ನಮ್ಮ ಮನೆಯ ಮಂಚದ ಮೇಲೇ ಇತ್ತು. ಒಂದು ಬೆಳಿಗ್ಗೆ ಕೌದಿ ಮಡಿಸುತ್ತ ಕೈ ಹಾಗೇ ನಿಂತಿತು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಹೊಲಿದ ಕೌದಿಯಲ್ಲಿ ಪ್ರತಿ ಹೊಲಿಗೆಯೂ ಮೇಲಿನ ಮುಖದಿಂದ ಕೆಳಗಿನ ಮುಖಕ್ಕೆ ಇಳಿದು ಮತ್ತೆ ಮೇಲೇಳುತ್ತದೆ. ನನ್ನ ಹರಳು ಶಾಖ ಹೊರಬೇಕಾದದ್ದೂ ಇದೇ ದಾರಿಯಲ್ಲಿ! ಒಂದು ಬಗೆಯ ದಾರ ಇಳಿದು, ಇನ್ನೊಂದು ಬಗೆಯ ದಾರ ಏರಿದರೆ ಒಂದು ಕೌದಿಯೊಳಗೆ ಸಾವಿರಾರು ತಂಪು ಯಂತ್ರ. ನಾನು ಅಡುಗೆಮನೆಯ ತನಕ ಓಡಿದೆ. ನನ್ನ ಗಂಡ ಬಸಲಿಂಗಪ್ಪ ಬಸ್ ಕಂಡಕ್ಟರಾಗಿ ನಿವೃತ್ತನಾದವನು, ಒಲೆಯ ಮುಂದೆ ಚಹಾ ಸೋಸುತ್ತಿದ್ದ. ಅವನ ಮುಖದ ಮುಂದೆ ಕೌದಿ ಹಿಡಿದು "ಸಿಕ್ತು!" ಎಂದು ಕೂಗಿದೆ.

"ಕಳದಿದ್ದು ಯಾವಾಗ?" ಎಂದ ಅವನು.

ಕೌದಿ ಹೊಲಿಯುವುದರಲ್ಲಿ ನಮ್ಮೂರಲ್ಲಿ ಸುಂಕಮ್ಮನ ಕೈ ಮೀರಿಸುವವರಿಲ್ಲ. ನನ್ನ ವಯಸ್ಸಿನವಳೇ, ನನ್ನಷ್ಟೇ ಜಂಬದವಳು. ಅವಳ ಜೊತೆ ಹೊಲಿಯುವ ಹೆಂಗಸರ ಗುಂಪೊಂದಿದೆ. ಹರಳು ದಾರದ ಮೇಲಷ್ಟೇ ಹುಟ್ಟುವಂತೆ ನಾನು ಬೇರೆ ಬೇರೆ ಬೀಜಕಣ ಹಚ್ಚಿ ಎರಡು ಬಗೆಯ ದಾರ ಮಾಡಿ, ಕಲಸುಮೇಲೋಗರ ಆಗದಿರಲಿ ಎಂದು ಒಂದಕ್ಕೆ ಕೆಂಪು, ಒಂದಕ್ಕೆ ಹಸಿರು ಬಣ್ಣ ಕೊಟ್ಟೆ. ಅವರು ಎರಡು ಸೂಜಿ ಹಿಡಿದು, ಒಂದು ಹೊಲಿಗೆ ಕೆಂಪು, ಒಂದು ಹೊಲಿಗೆ ಹಸಿರು ಹಾಕಿ ಹೊಲಿದರು. ಅಂಗೈಯಷ್ಟು ಗಾತ್ರದ ಮೊದಲ ತುಂಡು ಪೆಟ್ಟಿಗೆಯಿಂದ ಹೊರಬಂದು, ಬ್ಯಾಟರಿಗೆ ಹಚ್ಚಿದಾಗ ತಣ್ಣಗಾಯಿತು ನೋಡಿ! ಸುಂಕಮ್ಮ ಅದನ್ನು ಕೆನ್ನೆಗೆ ಒತ್ತಿಕೊಂಡು ಕೂತವಳು ಕೊಡಲೇ ಒಲ್ಲಳು.

ಆದರೆ ಪೂರ್ತಿ ಕೌದಿ ಮಾಡಿದಾಗ ಒಂದೂ ಬದುಕಲಿಲ್ಲ. ದ್ರಾವಣದಲ್ಲಿ ಅದ್ದಿ ಪೆಟ್ಟಿಗೆಯಲ್ಲಿ ಇಡುತ್ತೇನೆ, ಬಿಸಿ ಏರುತ್ತದೆ, ಒಳಗಿನಿಂದ 'ಪಟ್, ಪಟ್' ಎಂದು ಸದ್ದು ಬರುತ್ತದೆ, ಹೊರತೆಗೆದರೆ ಕೌದಿ ಸತ್ತಿರುತ್ತದೆ. ಹೊಲಿಗೆಯೆಲ್ಲ ಒಂದೇ ಸಾಲಿನ ದೀಪದ ಸರ ಇದ್ದಂತೆ, ಒಂದು ಕಡೆ ಕಡಿದರೆ ಎಲ್ಲವೂ ಆರಿದಂತೆ. ಒಳಗೆ ಕಿಡಿ ಹಾರುತ್ತಿದೆ ಎಂದುಕೊಂಡೆ. ಪೆಟ್ಟಿಗೆಯ ಗೋಡೆ ಉಜ್ಜಿದೆ, ಅಲೆಗಳನ್ನು ಹಂಚುವ ಫ್ಯಾನು ಬದಲಿಸಿದೆ, ಮ್ಯಾಗ್ನೆಟ್ರಾನುಗಳನ್ನು ಒಂದೊಂದಾಗಿ ಬಿಚ್ಚಿ ಕಟ್ಟಿದೆ. ಪಟ್ ಪಟ್ ನಿಲ್ಲಲಿಲ್ಲ. ಕಡೆಗೆ ರೇಗಿ ಹೋಗಿ, ಸತ್ತ ಕೌದಿಯೊಂದನ್ನು ಮೇಜಿನ ಮೇಲೆ ಹಾಸಿ ಬ್ಲೇಡಿನಿಂದ ಮೂಲೆಯಿಂದಲೇ ಕುಯ್ಯಲು ಹಿಡಿದೆ. ಒಳಗಿನಿಂದ ಬೆಳ್ಳಗೆ ಅರಳಿದ ಜೋಳ ನನ್ನ ಮಡಿಲಿಗೆ ಉದುರಿತು.

ಸುಂಕಮ್ಮ ಅಲ್ಲೇ ಸೂಜಿಗೆ ದಾರ ಪೋಣಿಸುತ್ತಿದ್ದಳು. "ಏನ ಇದು?" ಎಂದು ಅವಳ ಮುಂದೆ ಹಿಡಿದೆ.

"ಅಳ್ಳು," ಎಂದಳು, ನನಗೆ ಹುಚ್ಚು ಹಿಡಿಯಿತೇನೋ ಎಂಬಂತೆ ನೋಡಿ. "ನಾ ಇಟ್ಟಿದ್ದು ಹಸಿ ಜ್ವಾಳ. ಅಳ್ಳು ಹೆಂಗಾತು?"

"ಕೌದಿಯೊಳಗ ಜ್ವಾಳ ಯಾಕ ಬಂತು ಅಂತ ನಾ ಕೇಳ್ಲಿಕ್ಕತ್ತೀನಿ!"

"ಯಾಕಂದ್ರ? ಕೌದಿಗಿ ಉಣ್ಣಾಕ ಹಾಕಬಾರದೇನು? ಹಸದ ಕೌದಿ ಹೊತಗೊಂಡಾರನ್ನ ತಿಂತದ. ನಿಮ್ಮವ್ವ ಹೇಳಿಲ್ಲೇನು ನಿನಗ?"

ಹೇಳಿದ್ದಳು. ಅದೇ ನನ್ನನ್ನು ಇನ್ನೂ ಕೆರಳಿಸಿತು. ಕೌದಿಯ ಕೊನೆಯ ಮೂಲೆಯನ್ನು ಮುಚ್ಚುವ ಮೊದಲು ಒಂದು ಹಿಡಿ ಕಾಳು ಹಾಕಿ ಅದರ ಹೊಟ್ಟೆ ತುಂಬಿಸುವುದು ನಮ್ಮ ಕಡೆಯ ಪದ್ಧತಿ. ಅದು ಗೊತ್ತಿದ್ದೂ ನನ್ನ ತಲೆಗೆ ಹೊಳೆಯಲಿಲ್ಲ, ಮ್ಯಾಗ್ನೆಟ್ರಾನು ಬಿಚ್ಚುತ್ತ ಕೂತಿದ್ದೆ! ಕಾಳಿನೊಳಗಿನ ನೀರು ಬಿಸಿಯಾಗಿ, ಹಬೆಯಾಗಿ, ಸಿಪ್ಪೆ ಒಡೆದು ಸಿಡಿಯುವಾಗ ಮೂಲೆಯ ಹೊಲಿಗೆಗಳನ್ನು ಹರಿದುಕೊಂಡೇ ಸಿಡಿಯುತ್ತಿತ್ತು.

ಬಾಯಿಗೆ ಬಂದದ್ದೆಲ್ಲ ಅಂದೆ. "ನಾಳಿಂದ ಕೌದಿ ಉಪಾಸ!" ಎಂದೆ ಕಡೆಗೆ.

"ಹಂಗಾದ್ರ ಸೂಜಿನೂ ಉಪಾಸ," ಎಂದು ಸುಂಕಮ್ಮ ಎದ್ದಳು. ಚೀಲ ಹೆಗಲಿಗೆ ಹಾಕಿ, ತನ್ನ ಹೆಂಗಸರನ್ನು ಎಬ್ಬಿಸಿಕೊಂಡು, ತಿರುಗಿಯೂ ನೋಡದೆ ಹೊರಟು ಹೋದಳು.

ಮನೆಯಲ್ಲಿ ಆಗ ನನ್ನ ಮಗಳು ಸುಗುಣಾ ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು. ಬೇಸಿಗೆ ಮುಗಿದ ಮೇಲೆ ಹೆರಿಗೆ ಎಂದು ಡಾಕ್ಟರು ಹೇಳಿದ್ದರೂ ಅವಳು ಮಾತ್ರ ದಿನವೂ ಆಕಾಶ ನೋಡುತ್ತಿದ್ದಳು. ಹಗೇವಿನೊಳಗೆ ನನ್ನ ಪಕ್ಕ ಕೂತು, ಹೊಟ್ಟೆಯ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು, ನಾನು ಕೌದಿ ಹೊಲಿಯುವುದನ್ನು ನೋಡುತ್ತಿದ್ದಳು. ಹೌದು, ನಾನೇ ಹೊಲಿಯಲು ಕೂತಿದ್ದೆ. ಬಿಸ್ಮತ್ತನ್ನು ಪಳಗಿಸಿದವಳಿಗೆ ಸೂಜಿ ಯಾವ ಲೆಕ್ಕ? ಬೆರಳೆಲ್ಲ ತೂತಾದವು. ನಾನು ಹಾಕಿದ ಹೊಲಿಗೆ ಎಮ್ಮೆ ನಡೆದ ದಾರಿಯ ಹಾಗಿತ್ತು, ಕೆಲವು ಕೆಳಗಿನ ಪದರಕ್ಕೆ ಮುಟ್ಟಿರಲೇ ಇಲ್ಲ. ಕಾಳಿಲ್ಲದ ಆ ಕೌದಿ ಪೆಟ್ಟಿಗೆಯಲ್ಲಿ ಸದ್ದು ಮಾಡಲಿಲ್ಲ ನಿಜ. ಬ್ಯಾಟರಿಗೆ ಹಚ್ಚಿದಾಗ ಒಂದು ಕಡೆ ಕೊರೆಯುವ ತಂಪು, ಮಗ್ಗುಲಿಗೇ ಕೆಂಡ.

ಬಸಲಿಂಗಪ್ಪ ಅದನ್ನು ಮೈಮೇಲೆ ಎಳೆದುಕೊಂಡು ನೋಡಿದ. "ಅರ್ಧ ಕೌದಿ ಸಂಕ್ರಾಂತಿ, ಅರ್ಧ ಕೌದಿ ಉಗಾದಿ. ಭಾಳ ಛಲೋ ಅದ ತಗೊ," ಎಂದ.

ನಾನು ಅವನ ಮೇಲೆ ಹರಿಹಾಯುವ ಮೊದಲೇ ಸುಗುಣಾ ನನ್ನ ಕೈ ಹಿಡಿದಳು. "ಅವ್ವಾ, ಸುಂಕವ್ವನ ಮನಿಗಿ ಹೋಗು."

"ನಾ ಯಾಕ ಹೋಗ್ಲಿ? ಬೇಕಾದ್ರ ಆಕಿ ಬರ್ಲಿ."

"ನೀವಿಬ್ರೂ ಹಿಂಗ ಮಾರಿ ತಿರುವಿ ಕುಂತ್ರ ನನ್ನ ಕೂಸು ಯಾರ ಕೌದಿ ಹೊತಗೋಬೇಕು?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಅದನ್ನು ಕೇಳಿದ ಮೇಲೆ ನನಗೆ ಕೂರಲಾಗಲಿಲ್ಲ.

ಮರುದಿನ ನಸುಕಿನಲ್ಲೇ ಸುಂಕಮ್ಮನ ಕಟ್ಟೆಯ ಮೇಲೆ ಹೋಗಿ ಕೂತೆ. ಅವಳು ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಚಹಾ ತಂದು ಮುಂದೆ ಇಟ್ಟು, ಅಕ್ಕಿ ಆರಿಸುತ್ತ ಕೂತಳು. ಕಾಳು ಯಾಕೆ ಸಿಡಿಯುತ್ತದೆ ಎಂದು ವಿವರಿಸಿದೆ. ಮೊರ ಆಡಿಸುತ್ತಿದ್ದರೂ ಕಿವಿ ನನ್ನ ಕಡೆಗಿತ್ತು.

"ಕಾಳಿನ ಬದ್ಲಿ ಉಪ್ಪು ಇಡೋಣೇನು? ಉಪ್ಪು ಸಿಡಿಯಂಗಿಲ್ಲ," ಎಂದೆ.

"ಉಪ್ಪು ತಿಂದು ಬದುಕ್ತೀಯೇನು ನೀನು?"

"ಹಿಟ್ಟು?"

"ಒಗ್ಯಾಕ ಹಾಕಿದ್ರ ಗಂಜಿ ಆಗ್ತದ. ಕೌದಿಗಿ ಇರುವಿ ಮುತ್ತತಾವ."

"ಮತ್ತ ಬೇಯಿಸೋ ತನಕ ತಡಿ. ಬೇಯಿಸಿದ ಮ್ಯಾಲ ಬಾಯಿ ಬಿಚ್ಚಿ ಉಣಸು."

"ಬೆಂಕಿಯೊಳಗ ಹಾಕೋ ಮುಂದ ಹಸದ ಹೊಟ್ಟೀಲೆ ಕಳಿಸಲೇನು? ಮಗಳನ್ನ ಹೆರಿಗಿಗಿ ಕಳಸೋ ಮುಂದ ಉಪಾಸ ಕಳಿಸ್ತೀಯೇನು?"

ಅದು ಬೆಂಕಿಯಲ್ಲ ಎಂದು ಹೇಳಲು ಬಾಯಿ ತೆರೆದವಳು ಹಾಗೇ ತಡೆದೆ. ಅವತ್ತು ಲ್ಯಾಬಿನಲ್ಲಿ ಮಡಿಲಿಗೆ ಉದುರಿದ್ದು ಕಣ್ಣ ಮುಂದೆ ಬಂತು. ಕಾಳು ಸಿಡಿಯಬೇಕಾದರೆ ಸಿಪ್ಪೆ ಮುಚ್ಚಿರಬೇಕು. ಒಳಗೆ ಹಬೆ ಕಟ್ಟಿ ಒತ್ತಬೇಕು. ಒಮ್ಮೆ ಸಿಪ್ಪೆ ಒಡೆದು ಅರಳಿದ್ದು ಎಷ್ಟು ನೀರು ಕುಡಿದರೂ, ಎಷ್ಟು ಬಿಸಿಯಾದರೂ ಮತ್ತೆ ಸಿಡಿಯುವುದಿಲ್ಲ. ಹಬೆ ಸುಮ್ಮನೆ ಹೊರಗೆ ಹೋಗುತ್ತದೆ.

"ಸುಂಕಮ್ಮಾ, ಅಳ್ಳ ಇಟ್ರ?"

ಅವಳ ಕೈ ಮೊರದ ಮೇಲೆ ನಿಂತಿತು. "ಪಂಚಮಿಗಿ ನಾವೇ ತಿಂತೀವಿ. ಕೌದಿ ಬ್ಯಾಡ ಅಂತದೇನು?" ಎಂದಳು. ನಗು ತಡೆಯಲಾಗದೆ ಸೆರಗು ಬಾಯಿಗೆ ಒತ್ತಿಕೊಂಡಳು. ನಾನೂ ನಕ್ಕೆ. ಈ ಉಪಾಯ ಯಾರದು ಎಂದು ಯಾರಾದರೂ ಕೇಳಿದರೆ ಹೇಳಿಬಿಡುತ್ತೇನೆ, ನನ್ನದು. ಅವಳನ್ನು ಕೇಳಿದರೆ ಅವಳದು ಎನ್ನುತ್ತಾಳೆ, ಅದು ಬೇರೆ ಮಾತು.

ಅವಳು ಹೊಸ ಕೌದಿ ಹೊಲಿಯತೊಡಗಿದಳು. ಆದರೆ ನಮ್ಮ ಕೂಸು ಕಾಯಲಿಲ್ಲ. ಎಂಟನೇ ತಿಂಗಳಲ್ಲಿ, ಒಂದು ಮುಂಜಾನೆ ಸುಗುಣಾ ಸೊಂಟ ಹಿಡಿದು ಕೂತವಳು ಏಳಲಿಲ್ಲ. ಬಿಸಿಲು ಕೊಂಬು ಕೂಗುವ ಮುಂಚೆ ಆಸ್ಪತ್ರೆ ಸೇರಿದೆವು. ಕೂಗಿದ ಸ್ವಲ್ಪ ಹೊತ್ತಿಗೆ ಹೆರಿಗೆಯಾಯಿತು. ಹೆಣ್ಣು ಕೂಸು. ನನ್ನ ಎರಡು ಅಂಗೈ ಸೇರಿಸಿದರೆ ಅದರ ಹಾಸಿಗೆ, ಅಷ್ಟೇ ಇತ್ತು. ಅತ್ತಾಗ ದನಿ ಬರಲಿಲ್ಲ, ಬಾಯಿ ಮಾತ್ರ ತೆರೆಯಿತು. ಡಾಕ್ಟರು ರುಕ್ಸಾನಾ ಅದನ್ನು ಇನ್‌ಕ್ಯುಬೇಟರಿನಲ್ಲಿ ಇಟ್ಟು, "ಉಸಿರಾಟ ಛಲೋ ಅದ. ಮೈ ಬಿಸಿ ಒಂದು ಹಿಡಿತದಾಗ ಇದ್ರ ಸಾಕು, ಬದುಕ್ತದ," ಎಂದರು. ನಾನು ಆ ಹುಡುಗಿಗೆ ಪಿಯುಸಿಯಲ್ಲಿ ಮನೆಪಾಠ ಹೇಳಿದ್ದೆ, ಆಮೇಲೆ ಡಾಕ್ಟರಿಕೆ ಓದಿದಳು. ಅವಳ ಮಾತು ಕೇಳಿ ಜೀವ ತಣ್ಣಗಾಯಿತು.

ಆಗ ಕರೆಂಟು ಹೋಯಿತು. ನಮ್ಮ ಆಸ್ಪತ್ರೆಯದಷ್ಟೇ ಅಲ್ಲ, ಇಡೀ ಜಿಲ್ಲೆಯದು. ಬಿಸಿಲಿಗೆ ತಂತಿಗಳೇ ಜೋತು ಬಿದ್ದಿದ್ದವಂತೆ. ಜನರೇಟರು ಸ್ವಲ್ಪ ಹೊತ್ತು ಗುರ್ ಎಂದು, ಕಾದು, ನಿಂತಿತು. ದೊಡ್ಡ ಆಸ್ಪತ್ರೆಗೆ ಒಯ್ಯೋಣವೆಂದರೆ ಹೊತ್ತು ಇಳಿಯದೆ ಆಂಬುಲೆನ್ಸು ಹೊರಡುವಂತಿಲ್ಲ. ರುಕ್ಸಾನಾ ಕೂಸನ್ನು ಹೊರಗೆ ತೆಗೆದು ಒದ್ದೆ ಬಟ್ಟೆ ಸುತ್ತಿದಳು. ಮೈ ಕಾವು ದಡಕ್ಕನೆ ಇಳಿಯಿತು. ಬಟ್ಟೆ ತೆಗೆದಳು, ಏರಿತು. ಒದ್ದೆ ಬಟ್ಟೆಗೆ ಹಿಡಿತ ಎಲ್ಲಿಂದ ಬರಬೇಕು? ಕೂಸು ಕೆಂಪಗಾಗುತ್ತಿತ್ತು, ಬೆಳ್ಳಗಾಗುತ್ತಿತ್ತು. "ಮೇಡಂ, ಹಿಂಗ ಏರಿ ಇಳದ್ರ ಸಂಜಿತನ ತಡಿಯಂಗಿಲ್ಲ ಇದು," ಎಂದಳು ನನ್ನ ಕಿವಿಯ ಹತ್ತಿರ.

ಸುಂಕಮ್ಮ ಅವತ್ತು ನಸುಕಿಗೇ ಕೌದಿ ಹಿಡಿದು ಪಾಲಿಟೆಕ್ನಿಕ್ಕಿಗೆ ಬರುತ್ತೇನೆ ಎಂದಿದ್ದಳು. ಒದ್ದೆ ಜಮಖಾನೆಯೊಂದನ್ನು ತಲೆಯ ಮೇಲೆ ಹೊದ್ದು ರಸ್ತೆಗೆ ಇಳಿದೆ. ಚಪ್ಪಲಿಯ ಅಡಿ ಡಾಂಬರಿಗೆ ಅಂಟುತ್ತಿತ್ತು. ಚೌಕದ ನೆರಳಿನಲ್ಲಿದ್ದ ಪೊಲೀಸ್ ಸೀಟಿ ಊದಿ, "ಏ ಯಮ್ಮಾ, ಸಾಯಾಕ ಹೊಂಟಿಯೇನು?" ಎಂದು ಕೂಗಿದ. "ಬದುಕ್ಸಾಕ ಹೊಂಟೀನಿ, ಸರಿ ಅತ್ಲಾಗ!" ಎಂದು ಕೂಗಿ ಮುಂದೆ ಹೋದೆ.

ಸುಂಕಮ್ಮ ಲ್ಯಾಬಿನಲ್ಲೇ ಇದ್ದಳು. ಕೌದಿ ಮುಗಿದಿತ್ತು, ಕೊನೆಯ ಮೂಲೆ ಮಾತ್ರ ತೆರೆದಿತ್ತು. ನನ್ನ ಮುಖ ನೋಡಿಯೇ ಅವಳಿಗೆ ತಿಳಿಯಿತು. ಕರೆಂಟಿಗೆ ತೊಂದರೆ ಇರಲಿಲ್ಲ. ನಮ್ಮ ಚಾವಣಿಯ ಸೋಲಾರ್ ಫಲಕಗಳು ಆ ಸುಡು ಬಿಸಿಲನ್ನು ಗಟಗಟ ಕುಡಿಯುತ್ತಿದ್ದವು. ನಮ್ಮನ್ನು ಸುಡುವ ಸೂರ್ಯನಿಂದಲೇ ಕೆಲಸ ತೆಗೆದೆ.

"ಲಗೂ ಮಾಡು, ಬಾಯಿ ಮುಚ್ಚು," ಎಂದೆ.

ಅವಳು ಅವಸರಿಸಲಿಲ್ಲ. ಗಂಟು ಬಿಚ್ಚಿ ಒಂದು ಹಿಡಿ ಅಳ್ಳು ತೆಗೆದು, ಮೂಲೆಯೊಳಗೆ ಮೆಲ್ಲಗೆ ಇಳಿಸಿ, "ಉಣ್ಣು ಯವ್ವಾ, ಹೊಟ್ಟಿ ತುಂಬ ಉಣ್ಣು. ನಮ್ಮ ಕೂಸಿಗಿ ತ್ರಾಸ ಕೊಡಬ್ಯಾಡ," ಎಂದಳು. ಅಷ್ಟರಲ್ಲಿ ನಾನು ದ್ರಾವಣ ಕಲಕಿಟ್ಟೆ. ಕೆಂಪು ಹೊಲಿಗೆ, ಹಸಿರು ಹೊಲಿಗೆ ಹಾಕಿ ಬಾಯಿ ಮುಚ್ಚಿದಳು.

ಕೌದಿಯನ್ನು ದ್ರಾವಣದಲ್ಲಿ ಅದ್ದಿ, ಹಿಂಡಿ, ಪೆಟ್ಟಿಗೆಯಲ್ಲಿ ತೂಗುಹಾಕಿ ಬಾಗಿಲು ಬಿಗಿದೆ. ಇದು ಹೋದರೆ ಇನ್ನೊಂದಿಲ್ಲ. ಸ್ವಿಚ್ಚು ಒತ್ತಿ ಬಾಗಿಲಿಗೆ ಕಿವಿ ಹಚ್ಚಿದೆ. ಅಳ್ಳು ಸಿಡಿಯುವುದಿಲ್ಲ ಎಂದು ಕಟ್ಟೆಯ ಮೇಲೆ ಕೂತು ಹೇಳುವುದು ಸುಲಭ. ಅರಳದೆ ಉಳಿದ ಗಂಟುಗಾಳು ಒಂದು ಅದರಲ್ಲಿ ಸೇರಿದ್ದರೆ? ಸುಂಕಮ್ಮನನ್ನು ಕೇಳಿದೆ. "ಒಂದೊಂದೂ ಆರಿಸೀನಿ," ಎಂದಳು. ಅವಳೂ ಕಿವಿ ಹಚ್ಚಿದಳು. ಫ್ಯಾನಿನ ಗುಂಯ್ ಬಿಟ್ಟರೆ ಏನೂ ಇಲ್ಲ. ಗಾಜಿನ ಕಿಂಡಿಯಲ್ಲಿ ನೋಡುತ್ತಿದ್ದಂತೆಯೇ ಕೆಂಪು, ಹಸಿರು ಹೊಲಿಗೆಗಳು ಕಂದಾದವು, ಕಪ್ಪಾದವು, ಆಮೇಲೆ ಮೆಲ್ಲಗೆ ಉಕ್ಕಿನ ಹೊಳಪು ಏರಿತು. ಹರಳು ಹುಟ್ಟಿತ್ತು. ಕಡೆಯ ತನಕ ಒಂದೂ ಪಟ್ ಎನ್ನಲಿಲ್ಲ.

ತೊಳೆದು, ಹರಳು ಮೈಗೆ ತಾಗದಂತೆ ರಬ್ಬರಿನ ಲೇಪ ಕೊಟ್ಟು, ಚಾವಣಿಯ ಮೇಲೆ ಹರವಿದೆವು. ಆ ಬಿಸಿಲಿಗೆ ಒಣಗಲು ಎಷ್ಟು ಹೊತ್ತು ಬೇಕು! ಬ್ಯಾಟರಿ ಹಚ್ಚಿ ಸುಂಕಮ್ಮ ಒಂದು ಮಗ್ಗುಲಿಗೆ, ನಾನು ಇನ್ನೊಂದಕ್ಕೆ ಕೈ ಇಟ್ಟೆವು. ನನ್ನ ಕೈ ಸುಟ್ಟಿತು. ಅವಳು ಕಣ್ಣು ಮುಚ್ಚಿಕೊಂಡು, "ಬಾವಿ ಕಟ್ಟಿ ಮುಟ್ಟಿದಂಗ ಆಗ್ತದ ನೀಲವ್ವಾ," ಎಂದಳು. ಅವಳ ಮಗ್ಗುಲಿಗೆ ಬಂದು ಮೂಲೆಯಿಂದ ಮೂಲೆಗೆ ಕೈಯಾಡಿಸಿದೆ. ಎಲ್ಲ ಕಡೆಯೂ ಒಂದೇ ತಂಪು.

ಒಂದೇ ಒದ್ದೆ ಜಮಖಾನೆಯಡಿ ಇಬ್ಬರೂ ಆಸ್ಪತ್ರೆಗೆ ಓಡಿದೆವು. ಕೂಸು ಆಗಲೇ ಸೋತಿತ್ತು. ಬಸಲಿಂಗಪ್ಪ ಪಕ್ಕದಲ್ಲಿ ಪೇಪರಿನಿಂದ ಗಾಳಿ ಹಾಕುತ್ತ ಅಳುತ್ತಿದ್ದ. ರುಕ್ಸಾನಾ ಕೌದಿ ನೋಡಿ ಹಿಂಜರಿದಳು. "ಮೇಡಂ, ಇದನ್ನ ಇನ್ನೂ ಯಾವ ಕೂಸಿಗೂ ಹೊದಿಸಿಲ್ಲ. ಏನಾರ ಆದ್ರ..."

ಊರ ಮುಂದೆಲ್ಲ ಕೊಚ್ಚಿಕೊಂಡ ನನಗೆ ಆಗ ಮಾತು ಹೊರಡಲಿಲ್ಲ. ಹೊರಗಿನವರ ಕೂಸಾಗಿದ್ದರೆ ಏನೇನು ಹೇಳುತ್ತಿದ್ದೆನೋ. ಸುಗುಣಾ ಹಾಸಿಗೆಯಿಂದ ತಲೆ ಎತ್ತಿದಳು. "ನನ್ನ ಕೂಸು ರೀ ಡಾಕ್ಟರೇ. ನಾ ಹೇಳ್ತೀನಿ. ಅವ್ವಾ, ಹೊದಿಸು."

ಹಳೆಯ ಸೀರೆಯ ತುಂಡೊಂದನ್ನು ನಡುವೆ ಹಾಸಿ, ಕೌದಿಯ ಒಂದು ಸೆರಗನ್ನು ತೊಟ್ಟಿಲ ಹಾಗೆ ಮಡಿಸಿ ಕೂಸನ್ನು ಅದರೊಳಗೆ ಇಟ್ಟೆವು. ಬ್ಯಾಟರಿಯ ಕರೆಂಟು ಸ್ವಲ್ಪ ಏರಿಸಿದೆ. ರುಕ್ಸಾನಾ ಕೂಸಿನ ಮೈಗೆ ಅಂಟಿಸಿದ ಅಳತೆ ನೋಡಿ ಹೇಳುತ್ತಿದ್ದಳು. ಮೂವತ್ತೊಂಬತ್ತು ದಾಟಿದ್ದು ಮೂವತ್ತೆಂಟಕ್ಕೆ ಬಂತು. ಮೂವತ್ತೇಳು. ಇನ್ನೂ ಇಳಿಯುತ್ತಿದೆ ಎಂದಾಗ ಕರೆಂಟು ತಗ್ಗಿಸಿದೆ. ಮೂವತ್ತಾರೂವರೆಗೆ ಬಂದು ನಿಂತಿತು. ನಿಂತೇ ಇತ್ತು. ಹೊರಗಿನ ಮೈ ಕಾಯದಿರಲಿ ಎಂದು ಬಸಲಿಂಗಪ್ಪ ಅದರ ಮೇಲೆ ನೀರು ಚಿಮುಕಿಸುತ್ತ, ಗಾಳಿ ಹಾಕುತ್ತ ಕೂತ. ಎದ್ದು ಹೋಗೆಂದರೂ ಹೋಗಲಿಲ್ಲ. ಕೂಸಿನ ಮೈ ಬಣ್ಣ ತಿಳಿಯಾಯಿತು. ತುಟಿ ಚೀಪಿಕೊಂಡು ನಿದ್ದೆ ಹೋಯಿತು.

ಹೊತ್ತು ಇಳಿಯುವಾಗ ಕರೆಂಟು ಬಂತು. ಏಸಿ ಗುಂಯ್ ಎಂದಿತು, ಇನ್‌ಕ್ಯುಬೇಟರಿನ ಹಸಿರು ದೀಪ ಹತ್ತಿತು. ರುಕ್ಸಾನಾ ಕೂಸನ್ನು ಮತ್ತೆ ಅದಕ್ಕೆ ಒಯ್ಯಲು ಬಂದಳು. ಅಷ್ಟರಲ್ಲಿ ಪಕ್ಕದ ಕೋಣೆಯಲ್ಲಿ ತಾಂಡಾದಿಂದ ಬಂದಿದ್ದ ಸೋನಾಬಾಯಿಗೆ ಹೆರಿಗೆಯಾಯಿತು. ಗಂಡು ಕೂಸು, ಏಳು ತಿಂಗಳಿಗೆ. ನರ್ಸು ಅದನ್ನು ಎತ್ತಿಕೊಂಡು ಬಂದಾಗ ನೋಡಿದೆ, ನಮ್ಮದಕ್ಕಿಂತ ಸಣ್ಣದು, ಉಸಿರಿಗೆ ಒದ್ದಾಡುತ್ತಿತ್ತು. ಯಂತ್ರ ಇರುವುದು ಒಂದೇ.

ರುಕ್ಸಾನಾ ಇತ್ತ ನೋಡಿದಳು, ಅತ್ತ ನೋಡಿದಳು. ಸುಗುಣಾ ನನ್ನ ಮುಖವನ್ನೇ ನೋಡುತ್ತಿದ್ದಳು. "ಮೇಡಂ, ನೀವು ಹೇಳ್ರಿ. ನೀವು ಹೇಳಿದ್ದು ನಂಬ್ತೀನಿ," ಎಂದಳು ರುಕ್ಸಾನಾ. "ಈ ಕೌದಿ ಇನ್ನ ಮುಂದೂ ಹಿಂಗ ತಡೀತದೇನು?"

ನಾಲಗೆಯ ತುದಿಗೆ ಬಂದಿದ್ದ ಜಂಬದ ಮಾತನ್ನು ನುಂಗಿದೆ. ಕೌದಿಯ ಸುತ್ತ ಬಂದು ಹೊಲಿಗೆಯ ಸಾಲು ಸಾಲನ್ನೂ ಮುಟ್ಟಿ ನೋಡಿದೆ. ಹರಿಯುತ್ತಿದ್ದ ಕರೆಂಟು ಅಳೆದೆ. ಕೌದಿಗೆ ಜೀವ ಬಂದಾಗ ಎಷ್ಟಿತ್ತೋ ಅಷ್ಟೇ ಇತ್ತು, ಒಂದು ಹೊಲಿಗೆಯೂ ಸತ್ತಿರಲಿಲ್ಲ. ತಪ್ಪಿ ಹೇಳಿದರೆ ಹೋಗುವುದು ನನ್ನ ಮೊಮ್ಮಗಳು. ಸುಂಕಮ್ಮನ ಕಡೆ ನೋಡಿದೆ. ಅವಳು ಕಣ್ಣು ಮಿಟುಕಿಸದೆ ನಿಂತಿದ್ದಳು.

"ತಡೀತದ," ಎಂದೆ.

ಇನ್‌ಕ್ಯುಬೇಟರಿನ ಬಾಗಿಲು ಸೋನಾಬಾಯಿಯ ಕೂಸನ್ನು ಒಳಗೆ ತೆಗೆದುಕೊಂಡು ಮುಚ್ಚಿತು. ಸ್ವಲ್ಪ ಹೊತ್ತಿಗೆ ಅದರ ಎದೆ ಸಮನಾಗಿ ಏರಿಳಿಯತೊಡಗಿತು. ನಮ್ಮದು ಕೌದಿಯೊಳಗೆ ಮುಷ್ಟಿ ಬಿಗಿದು ಮಲಗಿತ್ತು, ಅಳತೆಯ ಪಟ್ಟಿಯಲ್ಲಿ ಮೂವತ್ತಾರೂವರೆ ಅಲುಗಲಿಲ್ಲ. ಆ ಆಸ್ಪತ್ರೆಯಲ್ಲಿ ಇನ್ನೊಂದು ಕೂಸಿಗೆ ಯಂತ್ರ ಬಿಟ್ಟುಕೊಟ್ಟ ಮೊದಲ ಕೂಸು ನಮ್ಮದು, ಹುಟ್ಟಿದ ದಿನವೇ. ನನಗೆ ತಡೆಯಲಾರದಷ್ಟು ಹೆಮ್ಮೆಯಾಯಿತು. ಸುಂಕಮ್ಮನ ಹೆಗಲಿಗೆ ಮುಖ ಒತ್ತಿ ಜೋರಾಗಿ ಅತ್ತೆ, ಅವಳೂ ಅತ್ತಳು. ಬಸಲಿಂಗಪ್ಪ ಮಾತ್ರ ಕೌದಿಗೆ ನೀರು ಚಿಮುಕಿಸುತ್ತ, "ಮೆಲ್ಲಕ ಅಳ್ರವ್ವಾ, ಕೂಸು ಏಳ್ತದ," ಎಂದ.